ಕಸದ ಪದರ

ಗಿಡ್ಡಕ್ಕ ತಗಡಿನ ಬೇಲಿ ದಾಟಿ ಒಳಗೆ ಕಾಲಿಟ್ಟಳು. ಕೂಲಿಗೆ ಬಂದಿದ್ದಳು. ಬಂದದ್ದು ತನ್ನ ಮನೆಯನ್ನೇ ಅಗೆಯಲು.

ಅಲ್ಲಿ ಒಂದು ಕಾಲಕ್ಕೆ ಸಾಲುಮನೆಗಳಿದ್ದವು. ಊರಿನ ಚರಂಡಿಗೆ ಇಳಿಯುವವರ ಸಾಲು. ಗಿಡ್ಡಕ್ಕ ಹುಟ್ಟಿದ್ದು ಆ ತುದಿಯ ಮನೆಯಲ್ಲಿ, ಸೊಸೆಯಾಗಿ ಹೋದದ್ದು ಈ ತುದಿಯ ಮನೆಗೆ. "ತವರಿಗೆ ಹೋಗೋಕೆ ನಂಗೆ ಚಪ್ಪಲಿ ಕೂಡ ಬೇಡ" ಎಂದು ನಗಾಡುತ್ತಿದ್ದಳು. ಅವಳ ಅಜ್ಜ, ಅಪ್ಪ, ಮಾವ, ಗಂಡ ಎಲ್ಲರೂ ಆ ಸಾಲಿನಿಂದಲೇ ಹಗ್ಗ ಹಿಡಿದು ಹೊರಟವರು. ಊರವರ ಹೊಲಸಿನಲ್ಲಿ ಕುತ್ತಿಗೆವರೆಗೆ ಮುಳುಗಿ ಎದ್ದು ಬಂದವರು. ಏಳದೆ ಹೋದವರೂ ಇದ್ದರು. ಆಮೇಲೆ ಊರು ಬೆಳೆಯಿತು. ಸುತ್ತಲಿನ ನೆಲಕ್ಕೆ ಬೆಲೆ ಬಂತು. ಪೊಲೀಸರು ಬಂದರು, ಹಿಂದೆಯೇ ಯಂತ್ರ ಬಂತು. ಪಾತ್ರೆ ಪಗಡೆ ಹೊರಗೆ ಎಸೆಯುವಷ್ಟು ಹೊತ್ತು ಕೊಟ್ಟರು. ಕಸ ಸುರಿಯುವ ಬಯಲಿನ ಆಚೆ ತಗಡಿನ ಕೊಠಡಿಗಳನ್ನು ತೋರಿಸಿದರು. ಅಷ್ಟೆ.

ಈಗ ಅಲ್ಲಿ ವಸತಿ ಕಟ್ಟಡ ಏಳಬೇಕು. ಬೇಲಿಯ ಹೊರಮೈಗೆ ಅದರ ಚಿತ್ರ ಹಚ್ಚಿದ್ದರು. ಬಾಲ್ಕನಿಯಲ್ಲಿ ನಿಂತ ಗಂಡ, ಹೆಂಡತಿ, ಒಂದು ಮಗು. ಮೂವರಿಗೂ ಒಂದೇ ಥರದ ಹಲ್ಲು.

ಕಟ್ಟುವ ಮೊದಲು ನೆಲದೊಳಗೆ ಹಳೆಯದೇನಾದರೂ ಇದೆಯೇ ಎಂದು ನೋಡಬೇಕಂತೆ, ಹಾಗೆಂದು ಕಾನೂನಂತೆ. ಪಕ್ಕದ ರಸ್ತೆಯಲ್ಲಿ ಪೈಪು ಹೂಳುವಾಗ ಹಿಂದಿನ ಕಾಲದ ಇಟ್ಟಿಗೆ ಸಿಕ್ಕಿತ್ತು. ಅದಕ್ಕೇ ಅಲ್ಲಲ್ಲಿ ಉದ್ದುದ್ದ ಗುಂಡಿ ತೋಡಿಸಿ ಪರೀಕ್ಷೆ ಮಾಡಲು ಒಬ್ಬಳು ಅಧಿಕಾರಿ ಬಂದಿದ್ದಳು. ಚಿಕ್ಕ ವಯಸ್ಸು, ಅಗಲ ಟೋಪಿ, ಮೆತ್ತಗಿನ ಮಾತು. ಕೂಲಿಯವರು ಅವಳಿಗೆ ಟೋಪಿ ಮೇಡಂ ಎಂದು ಹೆಸರಿಟ್ಟರು. ಅಗೆಯುವ ಆಳುಗಳನ್ನು ಹಿಡಿಯಲು ಮೇಸ್ತ್ರಿ ನೆಟ್ಟಗೆ ಕಸದ ಬಯಲಿಗೇ ಹೋಗಿದ್ದ. ಅಲ್ಲಿನವರಿಗೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಕೊಟ್ಟರೆ ಅವರು ಎದುರು ಮಾತಾಡುವುದಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಗಂಡ ಬೇಡವೆಂದಿದ್ದ. "ಆ ನೆಲ ತುಳೀಬೇಡ ಕಣೆ. ಮರೆತುಬಿಡು." ಗಿಡ್ಡಕ್ಕ ಕೇಳಲಿಲ್ಲ. ಅವಳು ಬಂದದ್ದು ಕೂಲಿಯ ಆಸೆಗಲ್ಲ. ಕಾವಲಿಗೆ.

ಆ ನೆಲದಲ್ಲಿ ಅವಳ ಮಗಳಿದ್ದಳು.

ಮಿಣಕಿ ಎಂದು ಕರೆಯುತ್ತಿದ್ದರು. ದೀಪ ಕಂಡರೆ ಕಣ್ಣು ಮಿಣಮಿಣ ಮಾಡುತ್ತಿತ್ತು ಕೂಸು. ಆಗಷ್ಟೇ ಅಂಬೆಗಾಲಿಕ್ಕುತ್ತಿತ್ತು. ಜ್ವರ ಬಂತು. ಆಸ್ಪತ್ರೆಗೆ ಒಯ್ದರು. ಇವರ ಮೈಯ ವಾಸನೆಗೆ ಒಳಗಿದ್ದವರು ಮೂಗು ಮುಚ್ಚಿಕೊಂಡರು, ಹೊರಗೆ ಕೂರಿಸಿದರು. ಕರೆಯುತ್ತೇವೆ ಎಂದರು. ಕರೆಯಲಿಲ್ಲ. ಕೂಸು ಗೇಟಿನ ಬಳಿ, ಅವಳ ತೊಡೆಯ ಮೇಲೆಯೇ ತಣ್ಣಗಾಯಿತು. ಸ್ಮಶಾನದಲ್ಲಿ ಕಾವಲಿನವನು ಡಾಕ್ಟರ ಚೀಟಿ ಕೇಳಿದ. ಡಾಕ್ಟರು, ನಮ್ಮಲ್ಲಿ ಸತ್ತದ್ದಲ್ಲ ಎಂದ. ಮತ್ತೆ ಹೋಗಿ ಕಾಲು ಹಿಡಿದರೆ ಕಾವಲಿನವನು ನಿಜ ಹೇಳಿದ: "ಚೀಟಿ ಇದ್ರೂ ನಿಮ್ಮ ಸಾಲಿನವರನ್ನ ಇಲ್ಲಿ ಹಾಕಲ್ಲ. ನನ್ನ ಕೆಲಸ ಹೋಗುತ್ತೆ. ಹೋಗಿ."

ಸಾಲಿನವರೆಲ್ಲ ಮಾಡಿದ್ದನ್ನೇ ಅವರೂ ಮಾಡಿದರು. ಗಂಡ ತನ್ನ ಖಾಕಿ ಅಂಗಿ ಬಿಚ್ಚಿ ಕೂಸಿಗೆ ಸುತ್ತಿದ. ಮನೆಯ ಹಿಂದೆ ಆಳವಾಗಿ ತೋಡಿದ. ನಾಯಿಗಳು ಕೆದಕದಿರಲಿ ಎಂದು ಬಟ್ಟೆ ಒಗೆಯುವ ಕಲ್ಲನ್ನು ಎಳೆದು ತಂದು ಮೇಲೆ ಹಾಕಿದ. ಗಿಡ್ಡಕ್ಕ ಅವತ್ತಿನಿಂದ ಮನೆ ಕೆಡವುವವರೆಗೂ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದಳು. ಜೋರಾಗಿ ಕುಕ್ಕುತ್ತಿರಲಿಲ್ಲ. ಮೆಲ್ಲಗೆ ತಿಕ್ಕುತ್ತಿದ್ದಳು. ಇವಳ ಕೈಯಲ್ಲಿ ಕೊಳೆಯೇ ಹೋಗುವುದಿಲ್ಲ ಎಂದು ಅತ್ತೆ ಬೈಯುತ್ತಿದ್ದಳು.

ಮೊದಲ ದಿನ ಟೋಪಿ ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು ಕೆಲಸ ವಿವರಿಸಿದಳು.

"ನೋಡಿ, ಮೇಲಿನ ಒಂದು ಮೊಳ ಮಣ್ಣು ನಮಗೆ ಬೇಕಾಗಿಲ್ಲ. ಅದು ಕಸದ ಪದರ. ಅದನ್ನ ಯಂತ್ರ ಕೆರೆದು ಹಾಕುತ್ತೆ. ಅದರ ಕೆಳಗೆ ಇತಿಹಾಸ ಶುರುವಾಗುತ್ತೆ. ಅಲ್ಲಿಂದ ನೀವು ಕೈಯಲ್ಲಿ, ನಾಜೂಕಾಗಿ ಅಗೀಬೇಕು."

ಯಂತ್ರ ಕೆರೆಯಿತು. ಕೆಂಪು ನೆಲದ ತುಂಡುಗಳು ಎದ್ದು ಬಂದವು. ಗಿಡ್ಡಕ್ಕ ಮದುವೆಯಾಗಿ ಬಂದಾಗ ಮಾವ ಸಾಲಿಗೆಲ್ಲ ಮೊದಲಿಗನಾಗಿ ಹಾಕಿಸಿದ ಕೆಂಪು ನೆಲ. ಅಂಗೈ ಉಜ್ಜಿ ಉಜ್ಜಿ ಅವಳು ಹೊಳಪು ತರಿಸಿದ್ದು. ಒಲೆಯ ಕಲ್ಲು ಬಂತು. ಬಾಗಿಲ ಹೊಸ್ತಿಲು ಬಂತು. ಎಲ್ಲವನ್ನೂ ಯಂತ್ರ ಎತ್ತಿ ಲಾರಿಗೆ ಸುರಿಯಿತು. ಯಾರೂ ಬರೆದುಕೊಳ್ಳಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ.

ಅವಳ ನಾದಿನಿಯೂ ಕೂಲಿಗೆ ಬಂದಿದ್ದಳು. ಮಣ್ಣಿನ ಬಾಂಡ್ಲಿಯನ್ನು ತಲೆಗೇರಿಸಿಕೊಳ್ಳುತ್ತಾ ಪಿಸುಗುಟ್ಟಿದಳು, "ಅತ್ತಿಗೆ, ನಮ್ಮನೆ ಹೋಗ್ತಿದೆ ನೋಡು."

"ಮನೆ ಅಲ್ಲ ಕಣೇ" ಎಂದಳು ಗಿಡ್ಡಕ್ಕ. "ಮೇಡಂ ಹೇಳಿದ್ದು ಕೇಳಿಸಲಿಲ್ವಾ? ನಾವು ಕಸದ ಪದರ. ಇತಿಹಾಸ ನಮ್ಮ ಕೆಳಗೆ ಮಲಗಿತ್ತಂತೆ. ನಾವೇ ಅದರ ಎದೆ ಮೇಲೆ ಕೂತಿದ್ವಂತೆ."

ಇಬ್ಬರೂ ನಕ್ಕರು. ಮೇಸ್ತ್ರಿ ದೂರದಿಂದಲೇ ಕೂಗಿದ, "ಏನ್ರೇ ಹಲ್ಲು ಕಿರಿಯೋದು? ಕೂಲಿ ನಗೋದಕ್ಕಾ?"

ಕೆಲಸ ಸುಲಭದ್ದಾಗಿರಲಿಲ್ಲ. ಗುಂಡಿ ಕಿರಿದು. ಆಳಕ್ಕಿಳಿದಂತೆ ಸೊಂಟ ಬಗ್ಗಿಸಲು ಜಾಗವಿಲ್ಲ. ಎದೆಗೆ ಮೊಣಕಾಲು ಒತ್ತಿಕೊಂಡು ಕೂತು ಕರಣೆಯಲ್ಲಿ ಕೆರೆಯಬೇಕು, ಬಾಂಡ್ಲಿ ತುಂಬಬೇಕು, ತಲೆಯ ಮೇಲೆತ್ತಿ ಮೇಲಿನವರಿಗೆ ಕೊಡಬೇಕು. ಮಣ್ಣು ಕಣ್ಣಿಗೆ ಬೀಳುತ್ತಿತ್ತು, ಬೆವರಿನ ಜೊತೆ ಬಾಯಿಗಿಳಿಯುತ್ತಿತ್ತು. ಬಿಸಿಲು ನೆತ್ತಿಗೆ ಬಂದರೆ ಗುಂಡಿ ಕಾದ ಹಂಡೆ. ಆಳದ ಕೆಲಸಕ್ಕೆಲ್ಲ ಮೇಸ್ತ್ರಿ ಗಿಡ್ಡಕ್ಕನನ್ನೇ ಇಳಿಸುತ್ತಿದ್ದ.

"ಏ ಗಿಡ್ಡಿ, ದೇವರು ನಿನ್ನ ಅರ್ಧಕ್ಕೇ ನಿಲ್ಲಿಸಿದ್ದು ಇದಕ್ಕೇ ಕಣೆ. ಇಳಿ."

ಕುಡಿಯಲು ಪೈಪಿನ ನೀರು. ಮೇಡಂಗೆ ಇಟ್ಟಿದ್ದ ಕ್ಯಾನನ್ನು ನಾದಿನಿ ಒಮ್ಮೆ ತಿಳಿಯದೆ ಮುಟ್ಟಿದಳು. ಮೇಸ್ತ್ರಿ ಕ್ಯಾನನ್ನು ಬಗ್ಗಿಸಿ ಅಷ್ಟೂ ನೀರು ಚೆಲ್ಲಿದ. ಮೇಡಂ ನೋಡಿದಳು. ಟೋಪಿ ಸರಿಮಾಡಿಕೊಂಡು ಗುಂಡಿಯ ಕಡೆ ಹೋದಳು.

ಗಿಡ್ಡಕ್ಕ ಎಲ್ಲವನ್ನೂ ಸಹಿಸಿದಳು. ಗೆರೆ ಹಾಕಿದ ಗುಂಡಿಗಳು ಯಾವುವೂ ಒಗೆಯುವ ಕಲ್ಲಿದ್ದ ಕಡೆ ಬರುತ್ತಿರಲಿಲ್ಲ. ಕಲ್ಲನ್ನು ಯಂತ್ರ ಎತ್ತಿ ಎಸೆದಿತ್ತು, ಆದರೆ ಆ ಜಾಗ ಅವಳಿಗೆ ಗೊತ್ತು. ಪ್ರತಿದಿನ ಬುತ್ತಿ ಉಣ್ಣಲು ಅಲ್ಲೇ ಹೋಗಿ ಕೂರುತ್ತಿದ್ದಳು. ಈ ಪರೀಕ್ಷೆ ಮುಗಿದರೆ ಸಾಕು ಎಂದುಕೊಳ್ಳುತ್ತಿದ್ದಳು. ಮುಗಿದ ಮೇಲೆ ಕಟ್ಟಡದ ಅಡಿಪಾಯ ಬರುತ್ತದೆ ಎಂಬುದು ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಯೋಚಿಸಲು ಹೋಗುತ್ತಿರಲಿಲ್ಲ.

ಆಗ ಗೋಡೆ ಸಿಕ್ಕಿತು.

ಅಗಲವಾದ ಇಟ್ಟಿಗೆಯ ಹಳೆಯ ಗೋಡೆ. ಟೋಪಿ ಮೇಡಂ ಗುಂಡಿಗೆ ಹಾರಿ, ಮಂಡಿಯೂರಿ, ಬ್ರಷ್ಷಿನಿಂದ ಧೂಳು ಸವರಿದಳು. ಮುಖ ಅರಳಿತು. ಗೋಡೆಗೆ ಕಬ್ಬಿಣದ ಬಳೆಗಳಿದ್ದವು. ಕುದುರೆ ಕಟ್ಟುವ ಬಳೆಗಳು. ಯಾರೋ ದೊಡ್ಡ ಮನುಷ್ಯನ ಲಾಯ ಇದು, ಇನ್ನೂರು ವರ್ಷದ್ದಾದರೂ ಇರಬೇಕು ಎಂದಳು. ಗೋಡೆ ಎತ್ತ ಹೋಗುತ್ತದೆ ನೋಡೋಣ ಎಂದು ಹಗ್ಗ ಎಳೆದಳು. ಹಗ್ಗ ನೆಟ್ಟಗೆ ಒಗೆಯುವ ಕಲ್ಲಿನ ಜಾಗದ ಮೇಲೆ ಹಾದುಹೋಯಿತು.

ಗಿಡ್ಡಕ್ಕ ಹಗ್ಗಕ್ಕೆ ಅಡ್ಡ ಬಂದಳು. "ಮೇಡಂ, ಆ ಕಡೆ ಬೇಡ."

"ಯಾಕಮ್ಮ?"

ಏನು ಹೇಳುವುದು? ತೋಚಿದ್ದನ್ನು ಹೇಳಿದಳು. "ಅಲ್ಲಿ... ಹಿಂದೆ ಕಕ್ಕಸಿನ ಗುಂಡಿ ಇತ್ತು. ಗಲೀಜು."

ಮೇಡಂ ಖುಷಿಯಿಂದ ನಕ್ಕಳು. "ಹೌದಾ! ಹಳೇ ಕಕ್ಕಸಿನ ಗುಂಡಿ ಅಂದ್ರೆ ನಮಗೆ ಚಿನ್ನದ ಗಣಿ ಅಮ್ಮ. ಆ ಕಾಲದವರು ಏನು ತಿಂದ್ರು, ಏನು ಬಿಸಾಕಿದ್ರು, ಎಲ್ಲ ಅಲ್ಲೇ ಸಿಗುತ್ತೆ. ಮೊದಲು ಅಲ್ಲೇ ತೋಡೋಣ."

ಜನ್ಮವಿಡೀ ಕಕ್ಕಸು ಎಂಬ ಮಾತು ಕೇಳಿದರೆ ಜನ ದೂರ ಓಡಿದ್ದನ್ನು ಕಂಡಿದ್ದಳು ಗಿಡ್ಡಕ್ಕ. ಅದನ್ನು ಕೇಳಿ ಓಡಿ ಬಂದವಳನ್ನು ಕಂಡದ್ದು ಇದೇ ಮೊದಲು.

ಮೇಸ್ತ್ರಿ ಅವಳನ್ನೇ ಇಳಿಸಿದ. ಇಳಿದಳು. ಬೇರೆ ಯಾರ ಸಲಿಕೆಯೂ ಬೀಳುವುದು ಬೇಡ ಎಂದೇ ಇಳಿದಳು. ಸಾಧ್ಯವಾದಷ್ಟು ನಿಧಾನ ಮಾಡಿದಳು. ನೆಲ ಗಟ್ಟಿ ಎಂದಳು, ಕೈ ನೋಯುತ್ತದೆ ಎಂದಳು. ಮಣ್ಣು ಮೆತ್ತಗಿತ್ತು. ಒಮ್ಮೆ ತೋಡಿ ಮುಚ್ಚಿದ ಮಣ್ಣು ಯಾವಾಗಲೂ ಮೆತ್ತಗೆ. ಕರಣೆ ಬಿಟ್ಟಳು. ಬೆರಳಲ್ಲಿ ಬಿಡಿಸಿದಳು. ಖಾಕಿ ಬಟ್ಟೆಯ ಅಂಚು ಕಂಡಿತು. ಒಂದು ಬಟನ್. ಇನ್ನೊಂದು ಬಟನ್. ಆಮೇಲೆ ಬೆರಳಿನಷ್ಟು ದಪ್ಪದ ಮೂಳೆಗಳು. ಕಂದು ಬಣ್ಣಕ್ಕೆ ತಿರುಗಿದ್ದವು, ಒಣಗಿದ ಕಡ್ಡಿಗಳಂತೆ.

ಗಿಡ್ಡಕ್ಕ ಅವುಗಳ ಮೇಲೆ ಬಾಗಿ ಕೂತುಬಿಟ್ಟಳು. ಕೈ, ಮೈ, ಬಟ್ಟೆ ಎಲ್ಲವನ್ನೂ ಹರಡಿ ಮುಚ್ಚಿದಳು.

"ಬಾಂಡ್ಲಿ ಎಲ್ಲೇ?" ಮೇಲಿನಿಂದ ಮೇಸ್ತ್ರಿ.

ಅವಳು ಇನ್ನಷ್ಟು ಬಾಗಿದಳು.

"ಏ ಗಿಡ್ಡಿ! ಸತ್ತೆಯಾ?"

"ಕೊಡಲ್ಲ."

"ಏನು ಕೊಡಲ್ಲ? ಮೇಲೆ ಬಾ."

"ಬರಲ್ಲ. ಅಗೆಯಲ್ಲ. ಯಾರನ್ನೂ ಅಗೆಯೋಕೆ ಬಿಡಲ್ಲ."

ಮೇಸ್ತ್ರಿ ಅವಳ ಅಮ್ಮನನ್ನು, ಅಜ್ಜಿಯನ್ನು, ಹುಟ್ಟಿದ ಸಾಲನ್ನು ಎಲ್ಲ ಸೇರಿಸಿ ಬೈದ. ಮಣ್ಣಿನ ಹೆಂಟೆ ತೆಗೆದು ಬೆನ್ನಿಗೆ ಎಸೆದ. ಅವಳು ಕದಲಲಿಲ್ಲ. ಮೇಡಂ ಓಡಿ ಬಂದಳು. ಗುಂಡಿಯ ಅಂಚಿಗೆ ಕೂತು, "ಏನಾಯ್ತಮ್ಮ? ಹಾವಾ?" ಎಂದಳು.

ಗಿಡ್ಡಕ್ಕ ತಲೆಯೆತ್ತಿದಳು.

"ನನ್ನ ಮಗಳು."

ಯಂತ್ರದ ಸದ್ದು ನಿಂತಿತು. ನಾದಿನಿ ಮೇಲೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡಳು. ಮೇಡಂ ಕೆಳಗಿಳಿದಳು. ಗಿಡ್ಡಕ್ಕ ಒಂದಿಷ್ಟೇ ಸರಿದು ತೋರಿಸಿದಳು. ಮೇಡಂ ನೋಡಿದಳು, ಕೈ ಚಾಚಿ ಹಿಂದಕ್ಕೆ ಎಳೆದುಕೊಂಡಳು. ಓದಿದವಳು. ನೋಡಿದ ಕೂಡಲೇ ಗೊತ್ತಾಯಿತು.

"ಮನುಷ್ಯರ ಮೂಳೆ ಸಿಕ್ಕರೆ ಪೊಲೀಸರಿಗೆ ತಿಳಿಸಬೇಕು" ಎಂದಳು ಮೇಲೆ ಹತ್ತಿ. "ಕೆಲಸ ನಿಲ್ಲಿಸಬೇಕು."

ಮೇಸ್ತ್ರಿ ಫೋನು ಹಚ್ಚಿದ. ಕಟ್ಟಡದ ಕಂಪನಿಯ ಸಾಹೇಬ ಬಂದ. ಬಿಳಿ ಶೂ. ಮಣ್ಣು ತಾಗದಂತೆ ಹಲಗೆಯ ಮೇಲೆ ನಡೆದು ಬಂದ. ಬೈಯಲಿಲ್ಲ, ಕೂಗಲಿಲ್ಲ. ಗುಂಡಿಯ ಮೇಲೆ ನಿಂತು, ಹುಷಾರಿಲ್ಲದವರನ್ನು ಮಾತಾಡಿಸುವಂತೆ ಮಾತಾಡಿಸಿದ.

"ನಿನ್ನ ಮಗು ಅಂತೀಯ. ಆಯ್ತಮ್ಮ, ಹೇಗೆ ಸತ್ತಿತು?"

"ಜ್ವರ."

"ಡಾಕ್ಟರ್ ಚೀಟಿ ಇದೆಯಾ?"

"ಕೊಡಲಿಲ್ಲ."

"ಇಲ್ಲಿ ಹೂಳೋಕೆ ಯಾರು ಅಪ್ಪಣೆ ಕೊಟ್ಟರು?"

"ಸ್ಮಶಾನದಲ್ಲಿ ಬಿಡಲಿಲ್ಲ. ನಾವೇ ಹೂತು, ಮೇಲೆ ಒಗೆಯೋ ಕಲ್ಲು ಹಾಕಿದ್ವಿ."

"ಹೆಣ್ಣು ಕೂಸು. ಚೀಟಿ ಇಲ್ಲ. ಕದ್ದು ಹೂತಿದ್ದೀರಿ, ಮೇಲೆ ಕಲ್ಲು ಬೇರೆ ಹಾಕಿದೀರಿ. ಪೊಲೀಸರು ಬಂದರೆ ಏನಂತಾರೆ ಹೇಳು? ಹೆತ್ತವಳೇ ಕೊಂದು ಹೂತಳು ಅಂತಾರೆ. ನೀನೂ ಒಳಗೆ, ನಿನ್ನ ಗಂಡನೂ ಒಳಗೆ. ನಿನಗೆ ಯಾಕಮ್ಮ ಇದೆಲ್ಲ? ಎದ್ದು ಬಾ. ನಾಯಿಯದ್ದೋ ಕುರಿಯದ್ದೋ ಮೂಳೆ ಅಂತ ಮೇಡಂ ಬರೀತಾರೆ. ಇಲ್ಲ, ಬೇಕಾದ್ರೆ ಬಾಂಡ್ಲಿಯಲ್ಲಿ ತುಂಬ್ಕೊಂಡು ಹೋಗು. ನಾವೇನೂ ನೋಡಲಿಲ್ಲ."

"ಎಲ್ಲಿಗೆ ಹೋಗಲಿ? ಸ್ಮಶಾನದಲ್ಲಿ ಜಾಗ ಕೊಡಿಸ್ತೀರಾ?"

"ಅದು ನನ್ನ ಕೈಲಿಲ್ಲ."

"ಹಾಗಾದ್ರೆ ಇಲ್ಲೇ ಇರ್ತಾಳೆ. ನಾನೂ ಇರ್ತೀನಿ. ನಿಮ್ಮ ಗೋಡೆ ನಮ್ಮಿಬ್ಬರ ಮೇಲೇ ಕಟ್ಟಿ."

ಸಾಹೇಬ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಗಂಡನಿಗೆ ಹೇಳಿಕಳಿಸಿದ. ಊರಿನ ಚರಂಡಿಯ ಗುತ್ತಿಗೆಯೂ ಇದೇ ಸಾಹೇಬನ ಭಾವನದು.

ಗಂಡ ಚರಂಡಿಯಿಂದ ಹಾಗೇ ಬಂದ. ಮೊಣಕಾಲವರೆಗೆ ಕರಿ ಕೆಸರು. ಸಾಹೇಬ ಕರವಸ್ತ್ರ ಮೂಗಿಗೆ ಹಿಡಿದುಕೊಂಡು ನಾಲ್ಕು ಮಾತು ಹೇಳಿದ. ಗಂಡ ತಲೆ ಆಡಿಸಿದ. ಗುಂಡಿಗಿಳಿದ. ಅವನಿಗೆ ಅಂಗಿಯ ತುಂಡು ಕಂಡಿತು. ಅದು ತನ್ನದೇ ಎಂದು ತಿಳಿಯಿತು.

"ಏಳೇ" ಎಂದ, ದನಿಯೇ ಇಲ್ಲದೆ.

"ನೋಡು, ಇವರು ಮಿಣಕಿಯನ್ನ ನಾಯಿ ಅಂತಿದಾರೆ. ನೀನಾದ್ರೂ ಹೇಳು."

"ಹಗ್ಗ ಹಿಡಿಯೋ ಕೆಲಸಾನೂ ಹೋಗುತ್ತೆ ಕಣೆ. ಜೈಲಿಗೆ ಹಾಕ್ತಾರೆ. ಅಮ್ಮನ್ನ ಯಾರು ನೋಡ್ಕೋತಾರೆ? ಏಳು, ನಿನ್ನ ದಮ್ಮಯ್ಯ."

"ನೀನು ಹೇಳು ಅಂದೆ!"

ಅವನು ಹೇಳಲಿಲ್ಲ. ಚರಂಡಿಯಿಂದ ಸತ್ತವರನ್ನು ಎತ್ತಿ ಅಭ್ಯಾಸವಿದ್ದ ಮನುಷ್ಯ. ಹಿಂದಿನಿಂದ ಕಂಕುಳಿಗೆ ಕೈ ತೂರಿಸಿದ, ಎದೆಗೆ ಒತ್ತಿಕೊಂಡ, ಎತ್ತಿದ. ಅವಳು ಅವನ ತೋಳನ್ನು ಕಚ್ಚಿದಳು. ರಕ್ತ ಬಂತು. ಅವನು ಬಿಡಲಿಲ್ಲ. ಮೇಲಿದ್ದವರು ಅವಳ ಕೈ ಹಿಡಿದು ಎಳೆದುಕೊಂಡರು. ಎಳೆದವರಲ್ಲಿ ನಾದಿನಿಯೂ ಇದ್ದಳು. ಅಳುತ್ತಲೇ ಎಳೆದಳು.

ಮೇಸ್ತ್ರಿ ಮೂಳೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಡಂ ಮುಂದೆ ಹಿಡಿದ. ಮೇಡಂ ಬಹಳ ಹೊತ್ತು ಪೆನ್ನು ಹಿಡಿದು ನಿಂತಳು. ಆಮೇಲೆ ಚೀಲದ ಮೇಲೆ ಬರೆದಳು. ಗಿಡ್ಡಕ್ಕನಿಗೆ ಓದಲು ಬರುತ್ತಿರಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ದನದ ಎಲುಬು, ಕೋಳಿಯ ಎಲುಬು ಇಟ್ಟಿದ್ದ ಪೆಟ್ಟಿಗೆಗೇ ಆ ಚೀಲವೂ ಹೋಯಿತು.

ಪೈಪಿನ ಬಳಿ ಮೇಡಂ ಕೈ ತೊಳೆಯುತ್ತಿದ್ದಳು. ತೊಳೆದಷ್ಟೂ ತೊಳೆಯುತ್ತಿದ್ದಳು. ಗಿಡ್ಡಕ್ಕನನ್ನು ಕಂಡು ಅವಳ ಕಣ್ಣು ತುಂಬಿತು.

"ನಾನು ಬೇರೆ ಬರೆದಿದ್ರೆ ನಿಮ್ಮನ್ನೇ ಹಿಡೀತಿದ್ರಮ್ಮ. ನಿಮ್ಮ ಒಳ್ಳೇದಕ್ಕೇ ಬರೆದೆ."

"ನನ್ನ ಒಳ್ಳೇದು ನಿಮಗೆ ಯಾವಾಗಿಂದ ಗೊತ್ತಾಯ್ತು ಮೇಡಂ?" ಎಂದಳು ಗಿಡ್ಡಕ್ಕ. "ಆ ಕ್ಯಾನಿನ ನೀರು ಚೆಲ್ಲಿದಾಗಲಾ?"

ಮೇಡಂ ನಲ್ಲಿ ನಿಲ್ಲಿಸಿ ಹೋದಳು.

ಮರುದಿನದಿಂದ ಗಿಡ್ಡಕ್ಕನಿಗೆ ಕೆಲಸವಿರಲಿಲ್ಲ. ನಾದಿನಿ ಹೋಗುತ್ತಿದ್ದಳು, ಹೋಗಲೇಬೇಕಿತ್ತು. ಸಂಜೆ ಬಂದು ಒಲೆ ಮುಂದೆ ಕೂತು, ಕೇಳದಿದ್ದರೂ ಸುದ್ದಿ ಹೇಳುತ್ತಿದ್ದಳು. ಗುಂಡಿಗಳನ್ನೆಲ್ಲ ಮುಚ್ಚಿದರಂತೆ. ದೊಡ್ಡವರು ಕಾರಿನಲ್ಲಿ ಬಂದು ಗೋಡೆ ನೋಡಿದರಂತೆ. ಆ ಲಾಯದ ಗೋಡೆಯನ್ನು ಒಡೆಯುವುದಿಲ್ಲವಂತೆ. ಕಟ್ಟಡದ ಬಾಗಿಲಲ್ಲೇ ಅದರ ಮೇಲೆ ಗಾಜು ಹಾಸಿ, ದೀಪ ಹಚ್ಚಿ ಇಡುತ್ತಾರಂತೆ. ಬಂದವರೆಲ್ಲ ನೋಡಬಹುದಂತೆ.

"ಕುದುರೆ ನಿಂತ ಜಾಗಕ್ಕೆ ಗಾಜು" ಎಂದಳು ಗಿಡ್ಡಕ್ಕ.

"ಹೂಂ ಅತ್ತಿಗೆ."

"ಚೀಲ ಏನಾಯ್ತು?"

ನಾದಿನಿ ಒಲೆಗೆ ಕಡ್ಡಿ ತುರುಕಿದಳು. "ಪ್ರಾಣಿ ಮೂಳೆಯೆಲ್ಲ ಬೇಡ ಅಂದ್ರಂತೆ. ಮೇಸ್ತ್ರಿ ತಗೊಂಡು ಹೋದ. ಎಲ್ಲಿಗೋ ಗೊತ್ತಿಲ್ಲ."

ಗಿಡ್ಡಕ್ಕ ಅವತ್ತು ಉಣ್ಣಲಿಲ್ಲ. ಬೆಳಗಾದ ಮೇಲೆ ಮುಖ ತೊಳೆದು, ಇದ್ದುದರಲ್ಲೇ ಒಗೆದ ಬಟ್ಟೆ ಹಾಕಿಕೊಂಡಳು. ಗಂಡ ಬಾಗಿಲಿಗೆ ಅಡ್ಡ ನಿಂತ. ಅವನ ತೋಳಿನ ಮೇಲೆ ಅವಳ ಹಲ್ಲಿನ ಗುರುತು ಕೀವು ಕಟ್ಟಿತ್ತು.

"ಎಲ್ಲಿಗೆ?"

"ಪೊಲೀಸ್ ಠಾಣೆಗೆ."

"ತಲೆ ಕೆಟ್ಟಿದೆಯಾ ನಿಂಗೆ? ಹೋಗಿ ಏನಂತೀಯ?"

"ನಾನೇ ಹೂತೆ ಅಂತೀನಿ. ಕೇಸು ಬರೀರಿ ಅಂತೀನಿ. ನಿನ್ನ ಹೆಸರು ಎತ್ತಲ್ಲ, ಹೆದರಬೇಡ."

"ಒಳಗೆ ಹಾಕ್ತಾರೆ!"

"ಹಾಕಲಿ. ಕೇಸು ಬರೆದರೆ ಮಗು ಅಂತ ಬರೀಲೇಬೇಕಲ್ಲ? ಸತ್ತದ್ದು ಯಾರು ಅಂತ ಬರೀಬೇಕಲ್ಲ? ನಾಯಿ ಹೆತ್ತವಳು ಅನ್ನಿಸ್ಕೊಂಡು ಬದುಕೋದಕ್ಕಿಂತ ಜೈಲೇ ವಾಸಿ."

ಗಂಡ ಬಾಗಿಲು ಬಿಟ್ಟ. ಜೊತೆಗೆ ಬರುತ್ತೇನೆ ಎನ್ನಲಿಲ್ಲ. ಹಗ್ಗ ಹೆಗಲಿಗೆ ಹಾಕಿಕೊಂಡು ಚರಂಡಿಯ ಕಡೆ ಹೋದ.

ಠಾಣೆಯಲ್ಲಿ ಮೊದಲು ಹೊರಗೆ ನಿಲ್ಲಿಸಿದರು. ಆಮೇಲೆ ಒಳಗೆ ಕರೆದರು. ಇನ್‌ಸ್ಪೆಕ್ಟರು ಚಹಾ ಕುಡಿಯುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು. ಜ್ವರ, ಗೇಟು, ಕಾವಲಿನವನು, ಅಂಗಿ, ಕಲ್ಲು, ಚೀಲ. ಒಂದನ್ನೂ ಬಿಡಲಿಲ್ಲ. ಅವನು ಎಲ್ಲಿಗೋ ಫೋನು ಮಾಡಿದ. ಹೌದು ಸಾರ್, ಸರಿ ಸಾರ್ ಎಂದ. ಇಟ್ಟ.

"ಅಲ್ಲಿ ಸಿಕ್ಕಿದ್ದು ನಾಯಿ ಮೂಳೆ ಅಂತ ಆಫೀಸರ್ ಬರೆದು ಕೊಟ್ಟಿದಾರಮ್ಮ."

"ಅವರು ಸುಳ್ಳು ಬರೆದಿದಾರೆ. ನಾನು ಒಪ್ಕೋತಿದೀನಲ್ಲ, ಹೂತದ್ದು ನಾನೇ."

"ನೀನು ಒಪ್ಕೊಂಡ್ರೆ ಆಗಲ್ಲ. ಕೇಸಿಗೆ ಹೆಣ ಬೇಕು."

"ಚೀಲದಲ್ಲಿತ್ತು. ಮೇಸ್ತ್ರಿ ಒಯ್ದ. ಅವನನ್ನ ಕೇಳಿ."

"ಅದು ನಾಯಿದು."

"ನನ್ನ ಮಗಳದ್ದು."

"ಮಗು ಹುಟ್ಟಿದ್ದಕ್ಕೆ ಏನಾದ್ರೂ ದಾಖಲೆ ಇದೆಯಾ?"

"ಮನೇಲಿ ಹೆತ್ತೆ."

"ನೋಡು, ಹುಟ್ಟಿದ್ದಕ್ಕೂ ಇಲ್ಲ, ಸತ್ತದ್ದಕ್ಕೂ ಇಲ್ಲ. ಇಲ್ಲದ ಮಗುವನ್ನ ಹೂತೆ ಅಂದ್ರೆ ನಾನೇನು ಬರೀಲಿ? ಕೇಸು ಆಗಲಿಲ್ಲ ಅಂತ ಖುಷಿಪಡೋದು ಬಿಟ್ಟು... ಹೋಗಮ್ಮ, ಮನೆಗೆ ಹೋಗು."

"ಬರೀರಿ ಸಾರ್. ನಾನೇ ಕೊಂದೆ ಅಂತ ಬೇಕಾದ್ರೂ ಬರೀರಿ."

ಅವನು ಮೊದಲ ಸಲ ಅವಳ ಮುಖ ನೋಡಿದ. ನೋಡಲಾಗದೆ ಕಿಟಕಿಯ ಕಡೆ ತಿರುಗಿದ. ಪೊಲೀಸಿನವನನ್ನು ಕರೆದು, "ಹೊರಗೆ ಕೂರಿಸಿ. ಕೂತು ಕೂತು ತಾನಾಗೇ ಹೋಗ್ತಾಳೆ" ಎಂದ.

ಹೊರಗೆ ಜಗಲಿಯಲ್ಲಿ ಬೆಂಚಿತ್ತು. ಗಿಡ್ಡಕ್ಕ ಕೂತಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಂದವರು ಬಂದರು, ಹೋದವರು ಹೋದರು. ಯಾರದೋ ಸೈಕಲ್ಲು ಕಳೆದಿತ್ತು, ಬರೆದುಕೊಂಡರು. ಯಾರದೋ ಕಿಟಕಿಯ ಗಾಜು ಒಡೆದಿತ್ತು, ಬರೆದುಕೊಂಡರು. ಬಿಸಿಲು ಜಗಲಿಯ ಮೇಲೇರಿತು. ಅವಳು ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಕೈಚೀಲ ಕಳೆದುಕೊಂಡವಳು. ಜೊತೆಗೆ ಆಗಷ್ಟೇ ನಡೆಯಲು ಕಲಿತ ಮಗು. ಅದು ಬೆಂಚು ಹಿಡಿದು ಹಿಡಿದು ನಡೆಯುತ್ತಾ ಬಂದು ಗಿಡ್ಡಕ್ಕನ ಮೊಣಕಾಲಿಗೆ ಕೈ ಊರಿ ನಿಂತಿತು. ಬಾಯಿ ತುಂಬ ಜೊಲ್ಲು.

"ನಿಮ್ಮದು ಏನು ಕೇಸು?" ಎಂದಳು ಆ ಹೆಂಗಸು, ಹೊತ್ತು ಕಳೆಯಲೆಂದು.

"ನನ್ನ ಕೂಸನ್ನ ಮನೆ ಹಿಂದೆ ಹೂತಿದ್ದೆ" ಎಂದಳು ಗಿಡ್ಡಕ್ಕ. "ಹೆಣ್ಣು ಕೂಸು. ಹೇಳೋಕೆ ಬಂದಿದೀನಿ."

ಹೆಂಗಸು ಸರಕ್ಕನೆ ಕೈ ಚಾಚಿ ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿ ಹಿಡಿದು, ಗಿಡ್ಡಕ್ಕನ ಮುಖದಿಂದ ಕಣ್ಣು ಕೀಳದೆ, ಬೆಂಚಿನ ಆ ತುದಿಗೆ ಸರಿದು ಕೂತಳು.

ಇಡೀ ಊರಿನಲ್ಲಿ ಆ ಹೆಂಗಸೊಬ್ಬಳು ನಂಬಿದ್ದಳು, ಹೂತದ್ದು ಕೂಸನ್ನೇ ಎಂದು.